ಆರಿದ್ರಾ ಮಳೆಯೂ ನಮ್ಮ ಕಾರಿನ ಕಿಂಡಿಯೂ

ಮಲೆನಾಡಿನವರಿಗೆ ಕಾರಿನಲ್ಲಿ ಸನ್‌ರೂಫ್ ಯಾಕೆ ಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಗ ತೆಗೆಯೋ ಹಾಗಿಲ್ಲ. ಆಮೇಲೆ ಇಬ್ಬನಿ, ಚಳಿ. ಬೇಸಿಗೆ ಬಂತು ಅನ್ನುವಷ್ಟರಲ್ಲಿ ಎಲ್ಲಾದರೂ ರಸ್ತೆ ಅಗೆದಿರುತ್ತಾರೆ, ಧೂಳಿಗೆ ಹೆದರಿ ಪಕ್ಕದ ಗಾಜನ್ನೇ ಇಳಿಸುವುದಿಲ್ಲ, ಇನ್ನು ತಲೆ ಮೇಲಿನದ್ದನ್ನು ಯಾರು ತೆಗೀತಾರೆ? ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರ ಲೆಕ್ಕ ಬೇರೆ. ಕೈಮರದ ಚೆಕ್‌ಪೋಸ್ಟ್ ದಾಟಿದ್ದೇ ತಡ, ಮುಂದಿನ ಕಾರಿನ ಮೇಲೆ ಎರಡು ತಲೆ, ನಾಲ್ಕು ಕೈ, ಒಂದು ಮೊಬೈಲು ಎದ್ದು ನಿಲ್ಲುತ್ತವೆ. 1,930 ಮೀಟರ್ ಎತ್ತರದ ಬೆಟ್ಟಕ್ಕೆ ಹತ್ತುವ ಆ ಇಕ್ಕಟ್ಟು ರಸ್ತೆಯಲ್ಲಿ ಎದುರಿಗೆ ಜೀಪು ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಅವರ ಪಕ್ಕೆಲುಬಿನ ಗತಿ ಏನು ಅಂತ ನಾನು ಹಿಂದಿನ ಕಾರಿನಲ್ಲಿ ಕೂತು ಬೆವರುತ್ತೇನೆ. ಅವರು ಖುಷಿಯಾಗಿರುತ್ತಾರೆ.

ನಮ್ಮ ಕಾರಿಗೂ ಸನ್‌ರೂಫ್ ಇದೆ. ನಾವು ಕೇಳಿದ್ದಲ್ಲ, ಕಾರಿನ ಜೊತೆ ಬಂದದ್ದು. 2011ರ ಮಾಡೆಲ್, ಭಾವನ ಕಾರು. ಅಕ್ಕ, ಭಾವ ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಹೊಸ ಕಾರಿನ ಆಸೆ ಹತ್ತಿದಾಗ "ಹೊರಗಿನವರಿಗೆ ಕೊಡೋ ಬದಲು ನೀನೇ ಇಟ್ಕೋ" ಅಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಒಂದು ಹನಿ ಸೋರಿಲ್ಲ ಅಂತ ಭಾವ ಈಗಲೂ ಹೇಳುತ್ತಾರೆ. ನಿಜವೇ ಇರಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಹೊರಟು, ಆಫೀಸಿನ ಬೇಸ್‌ಮೆಂಟಿನಲ್ಲಿ ನಿಂತು, ಸಂಜೆ ಮತ್ತೆ ಬೇಸ್‌ಮೆಂಟಿಗೆ ಬರುವ ಕಾರಿಗೆ ಮಳೆ ಅಂದರೇನು ಅಂತ ಹೇಗೆ ಗೊತ್ತಾಗಬೇಕು? ಆಲ್ದೂರಿನ ನಮ್ಮ ಮನೆಗೆ ಬೇಸ್‌ಮೆಂಟ್ ಇಲ್ಲ. ಅಂಗಳದ ಮೂಲೆಯಲ್ಲಿ, ಸಿಲ್ವರ್ ಓಕ್ ಮರದ ಕೆಳಗೆ ಅದರ ಜಾಗ.

ಆರಿದ್ರಾ ಮಳೆ ಜೂನ್ 22ರ ಆಸುಪಾಸಿನಲ್ಲಿ ಹುಟ್ಟುತ್ತದೆ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತ ಗಾದೆ. ನಮಗೆ ಎರಡೂ ಆಯಿತು.

ಮೊದಲು ಸೋರಿದ್ದು ಮಳೆ ಬರುವಾಗಲ್ಲ. ಅದೇ ಇದರ ಕುತಂತ್ರ. ರಾತ್ರಿಯೆಲ್ಲ ಹುಯ್ದು, ಬೆಳಿಗ್ಗೆ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನಾನೂ ನನ್ನವಳೂ ಚಿಕ್ಕಮಗಳೂರಿಗೆ ಹೊರಟೆವು. ಹನುಮಂತಪ್ಪ ಸರ್ಕಲ್ ಹತ್ತಿರ ಬ್ರೇಕ್ ಹಾಕಿದೆ ನೋಡಿ, ಕನ್ನಡಿಯ ಮೇಲಿನ ಲೈಟಿನ ಸಂದಿಯಿಂದ ತಣ್ಣಗೆ ಒಂದು ಲೋಟದಷ್ಟು ನೀರು ಅವಳ ಇಸ್ತ್ರಿ ಸೀರೆಯ ಮೇಲೆ. ಹೊರಗೆ ಬಿಸಿಲು, ಒಳಗೆ ಮಳೆ. "ರೀ, ಇದೇನ್ರೀ?" ಅಂದಳು. ನಾನು ಎಸಿ ನೀರಿರಬೇಕು ಅಂದೆ. ಎಸಿ ಆನ್ ಆಗಿರಲಿಲ್ಲ.

ಆಮೇಲೆ ಧರ್ಮಸ್ಥಳಕ್ಕೆ ಹೋಗುವಾಗ ಇದರ ಪೂರ್ತಿ ಸ್ವಭಾವ ತಿಳಿಯಿತು. ಛಾವಣಿಯ ಬಟ್ಟೆಯ ಮೇಲೆ ನಿಂತ ನೀರು ಕಾರು ಯಾವ ಕಡೆ ಬಾಗುತ್ತೋ ಆ ಕಡೆ ಓಡುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಅಷ್ಟೂ ನೀರು ಮುಂದಿನವರಿಗೆ. ವಾಪಸು ಹತ್ತುವಾಗ ಹಿಂದಿನವರಿಗೆ. ಎಡ ತಿರುವಿನಲ್ಲಿ ಬಲಗಡೆಯವರಿಗೆ, ಬಲ ತಿರುವಿನಲ್ಲಿ ಎಡಗಡೆಯವರಿಗೆ. ಇಷ್ಟು ನ್ಯಾಯವಾಗಿ ನಮ್ಮ ಮನೆಯಲ್ಲಿ ಹಿಸ್ಸೆ ಕೂಡ ಆಗಿಲ್ಲ. ಅಮ್ಮ ಬುದ್ಧಿವಂತರು, ಇಳಿಯುವಾಗ ಹಿಂದೆ ಕೂತಿದ್ದರು, ಬರುವಾಗ ಮುಂದೆ ಕೂರ್ತೀನಿ ಅಂದರು. ಆದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡುವಾಗ ಮರೆತು ಹಿಂದೆ ಹತ್ತಿಬಿಟ್ಟರು. ಮುಂದೆ ಏರು ಬಂದಲ್ಲೆಲ್ಲ ಅಮ್ಮ ಕಾರಿನೊಳಗೆ ಕೊಡೆ ಬಿಡಿಸಿಕೊಂಡೇ ಬಂದರು. ಎದುರಿನ ಬಸ್ಸಿನವರೆಲ್ಲ ಕಿಟಕಿಯಲ್ಲಿ ಇಣುಕಿ ನೋಡಿದರು. ಅಷ್ಟಾದರೂ ಅಳಿಯನ ಮೇಲೆ ಒಂದು ಮಾತು ಬರಲಿಲ್ಲ. "ಅಳಿಯಂದಿರು ಕೊಡುವಾಗ ಸರಿಯಾಗೇ ಇತ್ತು. ನೀನು ಇಟ್ಕೊಂಡ ರೀತಿ" ಅಂದರು, ಕೊಡೆಯೊಳಗಿಂದ.

ಊರಿನವರ ಸಲಹೆಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಸಲಹೆ ಒಂದೇ, ಮೆತ್ತುವ ವಸ್ತು ಬೇರೆ ಬೇರೆ. ಒಬ್ಬರು ಎಂಸೀಲ್ ಅಂದರು, ಇನ್ನೊಬ್ಬರು ಸಿಲಿಕಾನ್, ಮತ್ತೊಬ್ಬರು ತಾರಸಿಗೆ ಬಳಿಯುವ ಡಾಂಬರು. ಚಿಕ್ಕಪ್ಪ ಅಟ್ಟದಲ್ಲಿ ಒಂದು ಗೊರಬು, ಅದೇ ಗದ್ದೆ ಕೆಲಸದವರು ಮಳೆಗೆ ತಲೆ ಮೇಲೆ ಹೊದೆಯೋದು, ಇದೆ, ಕಾರಿಗೆ ಹಾಕು ಅಂದರು. ಕೊನೆಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿದ್ದಾಯಿತು. ನಿಂತಾಗ ಸರಿ, ಹೋಗುವಾಗ? ಅಧಿಕೃತ ಸರ್ವಿಸ್ ಸೆಂಟರಿನವರು ಎಸಿ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಇಡೀ ಸನ್‌ರೂಫ್ ಅಸೆಂಬ್ಲಿಯನ್ನೇ ಬದಲಾಯಿಸಬೇಕು ಅಂತ ಒಂದು ಎಸ್ಟಿಮೇಟ್ ಕೊಟ್ಟರು. ಅದನ್ನು ನೋಡಿದ ಮೇಲೆ ಕಾಫಿ ಇಳಿಯಲಿಲ್ಲ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು, ಸನ್‌ರೂಫ್ ಇಲ್ಲದ್ದು.

ಇದನ್ನು ಬಿಡಿಸಿ ಹೇಳಿದವರು ಪೇಟೆಯ ಒಬ್ಬ ಹಳೇ ಮೆಕ್ಯಾನಿಕ್. ಬೀಡಿ ಪಕ್ಕಕ್ಕಿಟ್ಟು, ಗಾಜು ಸರಿಸಿ, ಸುತ್ತಲಿನ ಕಾಲುವೆಯಲ್ಲಿ ಬೆರಳಾಡಿಸಿದರು. "ಸಾರ್, ರಬ್ಬರ್ ಚೆನ್ನಾಗೇ ಇದೆ. ಇದು ನೀರನ್ನ ಪೂರ್ತಿ ತಡೆಯೋಕೆ ಇರೋದಲ್ಲ, ಸ್ವಲ್ಪ ನೀರು ಒಳಗೆ ಬಂದೇ ಬರುತ್ತೆ. ಬಂದದ್ದು ಹೋಗೋ ದಾರಿ ಕಟ್ಟಿದೆ."

ಅಷ್ಟೇ ವಿಷಯ. ನಮ್ಮ ಸೂರಿನ ದಂಬೆ ಇದೆಯಲ್ಲ, ಹೆಂಚಿನಿಂದ ಇಳಿದ ನೀರನ್ನು ಹಿಡಿದು ದೂರಕ್ಕೆ ಸಾಗಿಸೋದು, ಅದೇ ಕೆಲಸ. ಗಾಜಿನ ಸುತ್ತ ಒಂದು ತಟ್ಟೆ, ಅದರ ನಾಲ್ಕು ಮೂಲೆಯಲ್ಲಿ ಬೆರಳಿಗಿಂತ ಸಣ್ಣ ಪೈಪು. ಮುಂದಿನ ಎರಡು, ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಬಾಗಿಲ ಕೀಲಿನ ಹತ್ತಿರ ಹೊರಬರುತ್ತವೆ. ಹಿಂದಿನ ಎರಡು, ಹಿಂಗಾಜಿನ ಪಕ್ಕದಲ್ಲಿ ಇಳಿದು ಬಂಪರ್ ಒಳಗಡೆ ಬರುತ್ತವೆ. ಎಲ್ಲ ಕಾರಿನಲ್ಲೂ ಹೀಗೇ ಇರಬೇಕೆಂದಿಲ್ಲ, ನಮ್ಮದರಲ್ಲಿ ಹೀಗಿದೆ. ಪೈಪು ಕಟ್ಟಿಕೊಂಡರೆ ತಟ್ಟೆ ತುಂಬುತ್ತದೆ, ತುಂಬಿದ್ದು ನಮ್ಮ ತಲೆ ಮೇಲೆ. ಇದು ಗೊತ್ತಿಲ್ಲದೆ ಮೇಲಿಂದ ಸಿಲಿಕಾನ್ ಮೆತ್ತಿದರೆ ಗಾಜು ತೆಗೆಯಲು ಬರಲ್ಲ, ಸೋರೋದೂ ನಿಲ್ಲಲ್ಲ.

ಏರ್ ಮಾತ್ರ ಜೋರಾಗಿ ಹೊಡೆಸಬೇಡಿ, ಪೈಪು ಒಳಗೇ ಕಳಚಿಕೊಳ್ಳುತ್ತೆ, ತೆಳ್ಳಗಿನ ನೈಲಾನ್ ದಾರ ಬಿಟ್ಟು ಸಾಫ್ ಮಾಡಿ ಅಂದರು. ಕಾಫಿ ತೋಟ ಇರುವವರಿಗೆ ನೈಲಾನ್ ದಾರಕ್ಕೆ ಬರವೇ? ಕಳೆ ಹೊಡೆಯುವ ವೀಡ್ ಕಟರಿನ ದಾರ, 2ರಿಂದ 3 ಮಿಲಿಮೀಟರ್ ದಪ್ಪ, ಬಗ್ಗುತ್ತೆ ಆದರೆ ಮಡಚಿಕೊಳ್ಳಲ್ಲ. ತೋಟದಲ್ಲಿ ಮೆಷಿನ್ ಓಡಿಸುವ ಅಣ್ಣ ಒಂದೆರಡು ಮಾರು ಕತ್ತರಿಸಿ ತಂದರು. ತುದಿ ಚೂಪಾಗಿದ್ದರೆ ಪೈಪು ತೂತಾಗುತ್ತೆ ಅಂತ ಬೆಂಕಿಕಡ್ಡಿ ಗೀರಿ ತುದಿಯನ್ನು ಸುಟ್ಟು ದುಂಡಗೆ ಮಾಡಿದ್ದೂ ಅವರೇ.

ಮುಂದಿನ ಎಡ ಮೂಲೆಗೆ ದಾರ ಬಿಟ್ಟೆವು. ಸ್ವಲ್ಪ ದೂರ ಸಲೀಸಾಗಿ ಇಳಿಯಿತು, ಆಮೇಲೆ ಮೆತ್ತಗೆ ತಡೆಯಿತು. ತಿರುಗಿಸುತ್ತಾ, ಎಳೆಯುತ್ತಾ, ಮತ್ತೆ ಬಿಡುತ್ತಾ ಇರುವಾಗ ಅಣ್ಣ ಚೊಂಬಿನಿಂದ ಒಂದಿಷ್ಟು ನೀರು ಹೊಯ್ದರು. ನಾನು ಬಾಗಿಲು ತೆಗೆದು, ಮಂಡಿಯೂರಿ, ಕೀಲಿನ ಸಂದಿಗೆ ಮುಖ ಇಟ್ಟು ಕಾಯುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಪ್ಪು ಹನಿ. ಅದರ ಹಿಂದೆ ಕೊಳೆತ ಸಿಲ್ವರ್ ಎಲೆಯ ಚೂರು, ಇರುವೆ ಗೂಡಿನ ಮಣ್ಣು. ಆಮೇಲೆ ಗೊಳಗೊಳ ಅಂತ ಧಾರೆ. ಮಗಳು ಚಪ್ಪಾಳೆ ಹೊಡೆದಳು. ಪೈಪಿನ ತುದಿಯಲ್ಲಿ ಸೀಳಿರುವ ಸಣ್ಣ ರಬ್ಬರ್ ಟೋಪಿ ಇರುತ್ತೆ, ಹೊರಗಿನಿಂದ ಹುಳ ಹತ್ತಬಾರದು ಅಂತ. ಅದರೊಳಗೇ ಎಲ್ಲ ಕಟ್ಟಿತ್ತು. ಅದನ್ನು ಹಿಸುಕಿ ತೊಳೆದೆವು.

ಹಿಂದಿನ ಬಲ ಮೂಲೆಯದ್ದು ಬೇರೆಯೇ ಕಥೆ. ಅಲ್ಲಿ ಎಷ್ಟು ಹೊಯ್ದರೂ ನೀರು ಸಲೀಸಾಗಿ ಇಳಿಯಿತು, ಆದರೆ ಎಲ್ಲಿಯೂ ಹೊರಬರಲಿಲ್ಲ. ಚೊಂಬುಗಟ್ಟಲೆ ನೀರು ಕಾಣೆ. ಅಣ್ಣ ಸುಮ್ನೆ ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿದರು. ಸ್ಟೆಪ್ನಿ ಅರ್ಧ ಮುಳುಗಿತ್ತು. ಜಾಕಿಗೆ ತುಕ್ಕು ಹಿಡಿದಿತ್ತು. ಯಾರೋ ಹಿಂದೆ ವಾಟರ್ ಸರ್ವಿಸ್‌ನಲ್ಲಿ ಜೋರಾಗಿ ಏರ್ ಹೊಡೆಸಿ ಪೈಪು ಕಳಚಿಹೋಗಿರಬೇಕು. ಯಾರು ಅಂತ ನಾನು ಹೇಳಲಿಲ್ಲ. ಅಮ್ಮ ಅಲ್ಲೇ ಇದ್ದರು. ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇತ್ತು, ಕಿತ್ತ ತಕ್ಷಣ ಅಂಗಳದಲ್ಲಿ ಹೊಳೆ. ಮಾರನೇ ದಿನ ಮೆಕ್ಯಾನಿಕ್ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ಪೈಪು ಸಿಕ್ಕಿಸಿ ಕ್ಲಿಪ್ ಹಾಕಿದರು. ಎಸ್ಟಿಮೇಟಿನ ಜಿಎಸ್‌ಟಿಯ ಮೂಲೆಗೂ ಸಾಲದಷ್ಟು ದುಡ್ಡು ತಗೊಂಡರು.

ಉಳಿದದ್ದು ವಾಸನೆ. ಕಾಲಡಿಯ ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಂಡರೂ ಅದರ ಕೆಳಗಿನ ಸ್ಪಂಜು ನೀರು ಕುಡಿದು ಕೂತಿರುತ್ತದೆ. ಕೆಲವು ಕಾರುಗಳಲ್ಲಿ ವೈರು, ಕಂಟ್ರೋಲ್ ಡಬ್ಬಿ ಎಲ್ಲ ಅಲ್ಲೇ ಕೆಳಗಿರುತ್ತವೆ, ಹಾಗಾಗಿ ಬಿಡುವ ಹಾಗೂ ಇಲ್ಲ. ಇಲಿ ಸತ್ತಿದೆ ಅಂತ ಅಮ್ಮ, ಅಪ್ಪನ ಸಾಕ್ಸ್ ಅಂತ ಮಗಳು. ಸೀಟು ಬಿಚ್ಚಿಸಿ ಕಾರ್ಪೆಟ್ ಹೊರಗೆ ತೆಗೆದೆವು. ಪುಷ್ಯ ಮಳೆಯಲ್ಲಿ ಒಣಗಿಸೋದು ಎಲ್ಲಿ? ಮಲೆನಾಡಿನಲ್ಲಿ ಎಲ್ಲ ಬಟ್ಟೆಯೂ ಒಣಗುವ ಜಾಗದಲ್ಲೇ, ಬಚ್ಚಲ ಒಲೆಯ ಮೇಲಿನ ಗಳದಲ್ಲಿ. ಸ್ಪಂಜು ಚೆನ್ನಾಗಿ ಒಣಗಿತು. ಈಗ ಕಾರಿನ ಬಾಗಿಲು ತೆಗೆದರೆ ಕೆಟ್ಟ ವಾಸನೆ ಇಲ್ಲ, ಹೊಗೆಯ ವಾಸನೆ ಇದೆ. ಹತ್ತಿದವರೆಲ್ಲ ಒಮ್ಮೆ ಗಾಬರಿಯಿಂದ ಬಾನೆಟ್ ಕಡೆ ನೋಡುತ್ತಾರೆ.

ಈಗ ಮಳೆ ಬಂದರೆ ನೀರು ಬಾಗಿಲ ಕೀಲಿನ ಹತ್ತಿರ ಸಣ್ಣಗೆ ಇಳಿದು ನೆಲಕ್ಕೆ ಬೀಳುತ್ತದೆ. ಪಕ್ಕದ ಮನೆಯವರು ಬಗ್ಗಿ ನೋಡಿ "ಕಾರು ಸೋರ್ತಿದೆಯಲ್ರೀ" ಅಂದರು. ಹೌದು, ಈಗ ಸರಿಯಾಗಿ ಸೋರ್ತಿದೆ ಅಂದೆ.

ಭಾವ ಮೊನ್ನೆ ಫೋನ್ ಮಾಡಿದ್ದರು. ಇಷ್ಟು ದಿನ ಯೋಚಿಸಿ ಕೊನೆಗೂ ಹೊಸ ಕಾರು ಬುಕ್ ಮಾಡಿದ್ದಾರೆ. ಪನೋರಮಿಕ್ ಸನ್‌ರೂಫ್, ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೂ ಗಾಜೇ ಗಾಜು.

"ಡ್ರೈನ್ ಪೈಪು ಎಲ್ಲಿಗೆ ಬರುತ್ತೆ ಅಂತ ಕೇಳಿದ್ರಾ ಭಾವ?"

"ಸೇಲ್ಸ್ ಹುಡುಗನ್ನ ಕೇಳ್ದೆ ಕಣೋ. ಇದಕ್ಕೆ ಅದೆಲ್ಲ ಇಲ್ಲ ಸಾರ್, ಇದು ಸೋರೋದೇ ಇಲ್ಲ ಅಂದ."

"ಅಳಿಯಂದಿರು ಎಲ್ಲ ವಿಚಾರಿಸಿಯೇ ತಗೊಳ್ಳೋದು" ಅಂದರು ಅಮ್ಮ, ಪಕ್ಕದಿಂದ. ನಾನು ವೀಡ್ ಕಟರಿನ ದಾರದಲ್ಲಿ ಎರಡು ಮಾರು ಕತ್ತರಿಸಿ, ತುದಿ ಸುಟ್ಟು ದುಂಡಗೆ ಮಾಡಿ, ಅವರ ಕಾರಿನ ಪೂಜೆಗೆ ಹೋಗುವಾಗ ಕೊಡೋಣ ಅಂತ ಎತ್ತಿಟ್ಟಿದ್ದೇನೆ.