100 ವ್ಯಾಟಿನ ಉಪದ್ರ

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಗೆ ಆ ಪೆಟ್ಟಿಗೆ ಬಂದದ್ದು ಜೀಪಿನಲ್ಲಿ, ಖಾಲಿ ಅಡಿಕೆ ಗೋಣಿಗಳ ನಡುವೆ. ಮುಂಬೈಯಲ್ಲಿ ಯಾವುದೋ ಬ್ಯಾಂಡಿನವರು ಬಿಟ್ಟುಹೋದ ಗಿಟಾರ್ ಆಂಪ್ಲಿಫೈಯರ್. 1970ರ ದಶಕದ್ದು, 100 ವ್ಯಾಟ್, ವಾಲ್ವ್ ಸೆಟ್, ಅಂದರೆ ದೀಪದ ಹಾಗೆ ಉರಿಯುವ ಗಾಜಿನ ಬುರುಡೆಗಳದ್ದು. ಜತೆಗೆ 12 ಇಂಚಿನ ನಾಲ್ಕು ಸ್ಪೀಕರುಗಳ, ಕಪಾಟಿನಷ್ಟು ದೊಡ್ಡ ಡಬ್ಬ. "ನಿನಗೆ ಆಸೆ ಉಂಟಲ್ಲ" ಅಂತ ಭಾವ ಕಳಿಸಿದ್ದರು. ಅವರ ಫ್ಲ್ಯಾಟಿನಲ್ಲಿ ಜಾಗ ಇರಲಿಲ್ಲ ಅನ್ನುವುದು ಆಮೇಲೆ ಅಕ್ಕ ಹೇಳಿ ಗೊತ್ತಾಯಿತು.

ಇಂಥ ಸೆಟ್ಟು ಹುಟ್ಟಿದ್ದೇ ಹಟದಿಂದ. 1965ರಲ್ಲಿ ಲಂಡನ್ನಿನ 'ದ ಹೂ' (The Who) ಎಂಬ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಇನ್ನೂ ಜೋರು ಬೇಕು ಅಂದರು, ಆಂಪ್ಲಿಫೈಯರ್ ಮಾಡುವ ಜಿಮ್ ಮಾರ್ಷಲ್ 100 ವ್ಯಾಟಿನದ್ದು ಮಾಡಿಕೊಟ್ಟರು. ಟೌನ್‌ಶೆಂಡ್ ಎದುರು ಜನಸಾಗರ. ನನ್ನ ಎದುರು ಹಟ್ಟಿ, ಅದರಲ್ಲಿ ಎರಡು ದನ.

ಬಿಚ್ಚಿ ನೋಡಿದರೆ ಒಳಗೆ ಮುಂಬೈ ಜಿರಳೆಗಳ ಮೂರು ತಲೆಮಾರು. ಗುಡಿಸಿ, ಕರೆಂಟು ಕೊಟ್ಟೆ. ಗುಂಯ್ ಅಂದಿತು. ಕರೆಂಟನ್ನು ತುಂಬಿಟ್ಟು ಸಮ ಮಾಡುವ ಫಿಲ್ಟರ್ ಕೆಪಾಸಿಟರುಗಳು ಹಳೆಯದಾದರೆ ಒಳಗೇ ಒಣಗಿರುತ್ತವೆ, ಬದಲಿಸಲೇಬೇಕು. ಆದರೆ ಪ್ಲಗ್ ಎಳೆದ ಮೇಲೂ ಅವು ನಾನೂರು ಐನೂರು ವೋಲ್ಟ್ ಹಿಡಿದುಕೊಂಡು ಕೂತಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡಿ, ಆಮೇಲೆಯೇ ಕೈ ಹಾಕಬೇಕು. ಇದೆಲ್ಲ ನನಗೆ ಗೊತ್ತಿತ್ತು. ಸ್ಕ್ರೂಡ್ರೈವರಿಗೆ ಗೊತ್ತಿರಲಿಲ್ಲ, ಅದು ಜಾರಿತು. ಪಟಾರ್! ಅದರ ತುದಿ ಇಲಿ ಕಚ್ಚಿದ ಹಾಗಾಯಿತು.

"ಯಾರ ಮನೆಯ ಮದುವೆ ಇವತ್ತು? ಗರ್ನಾಲು ಕೇಳಿತು" ಅಂದಳು ಅಮ್ಮ, ಅಡುಗೆಮನೆಯಿಂದ.

ಅಂತೂ ಕೆಪಾಸಿಟರ್ ಬದಲಿಸಿದೆ. ಬಯಾಸ್, ಅಂದರೆ ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯಬೇಕು ಅನ್ನುವ ಹದ, ಸರಿ ಮಾಡಿದೆ. ಅದು ತಪ್ಪಿದರೆ ವಾಲ್ವಿನ ಪ್ಲೇಟು ಕಾದು ಕೆಂಪಾಗುತ್ತದೆ. ಒಂದು ಸಂಜೆ ಗಿಟಾರ್ ಸಿಕ್ಕಿಸಿ ಒಂದೇ ಒಂದು ತಂತಿ ಮೀಟಿದೆ. ಕಂದು ದನ ಹಗ್ಗ ಕಿತ್ತುಕೊಂಡು ತೋಟಕ್ಕೆ ಇಳಿಯಿತು. ಆಚೆ ಮನೆಯ ಮಾವ ಮಳೆಯಲ್ಲೇ ಟಾರ್ಚ್ ಹಿಡಿದು ಬಂದರು. ಗುಡ್ಡೆ ಜರಿಯಿತಾ ಅಂತ ಅವರಿಗೆ ಸಂಶಯ.

ವಾಲ್ಯೂಮ್ ತಗ್ಗಿಸಬಹುದಲ್ವಾ? ತಗ್ಗಿಸಿದರೆ ಸಪ್ಪೆ. ಈ ಸೆಟ್ಟುಗಳ ಚಂದವೇ ದಮ್ಮು ಕಟ್ಟಿ ಅರಚುವಾಗ ಬರುವ ಆ ಒಡಕು ದನಿ. ಹಾಗಾಗಿ ಆಪರೇಷನ್ನಿಗೆ ಇಳಿದೆ. ಸಾಲಾಗಿದ್ದ ನಾಲ್ಕು ಇಎಲ್34 ವಾಲ್ವುಗಳಲ್ಲಿ ಹೊರಗಿನ ಎರಡನ್ನು ಕಿತ್ತೆ. ಸ್ಪೀಕರ್ 16 ಓಮಿನದ್ದು, ಉಳಿದ ಎರಡು ವಾಲ್ವಿಗೆ ಹೊಂದಲಿ ಅಂತ ಹಿಂದಿನ ಓಮ್ ಸ್ವಿಚ್ಚನ್ನು 8ಕ್ಕೆ ತಿರುಗಿಸಿದೆ. ಈಗ 50 ವ್ಯಾಟ್. ಅರ್ಧಕ್ಕರ್ಧ! ಬಾರಿಸಿದೆ. ಮಾವ ಮತ್ತೆ ಬಂದರು.

"ಕಡಿಮೆ ಆಯಿತಲ್ಲ ಮಾವ?"

"ಎಂತದು?"

ವ್ಯಾಟ್ ಅರ್ಧ ಆದರೆ ಸದ್ದು ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ಏನೇನೂ ಅಲ್ಲ. ಇದನ್ನು ಮಾವನಿಗೆ ವಿವರಿಸಿದೆ. ದನಕ್ಕೆ ವಿವರಿಸು ಅಂದರು.

ನಿಜವಾದ ತಕರಾರು ಬಂದದ್ದು ಮನೆಯೊಳಗಿಂದ. ಕೊನೆಗೆ ಮಾಡಿದ ಹಲಸಿನ ಹಪ್ಪಳ ಒಣಗುವ ಮೊದಲೇ ಮಳೆ ಹಿಡಿದಿತ್ತು. ಬಾರಿಸದೆ ಸುಮ್ನೆ ಹಾಕಿಟ್ಟರೂ ವಾಲ್ವುಗಳು ಕಾಯುತ್ತವೆ. ನಾಲ್ಕರ ಫಿಲಮೆಂಟಿಗೇ, ಅಂದರೆ ಒಳಗೆ ಕಾಯುವ ತಂತಿಗೇ, ಸುಮಾರು 38 ವ್ಯಾಟ್ ಬೇಕು. ಅಮ್ಮ ಈ ಲೆಕ್ಕವನ್ನು ಅಂಗೈ ಹಿಡಿದು ನೋಡಿಯೇ ಮುಗಿಸಿದ್ದಳು. ಎರಡು ಸ್ಟೂಲು, ಮೇಲೆ ಗೆರಸೆ, ಕೆಳಗೆ ನನ್ನ ಸೆಟ್ಟು. ನಾನು ಟೆಸ್ಟಿಂಗ್ ಅಂದುಕೊಂಡು ಗಂಟೆಗಟ್ಟಲೆ ಹಾಕಿಟ್ಟದ್ದೆಲ್ಲ ಅವಳ ಲಾಭಕ್ಕೆ.

ಮರುದಿನ ಗೆರಸೆಯನ್ನು ನನ್ನ ಮೂಗಿನೆದುರು ಹಿಡಿದಳು. "ನಡುವಿನದ್ದು ಒಣಗಿದೆ. ಎರಡೂ ಬದಿಯದ್ದು ಹಾಗೇ ಉಂಟು. ಅಲ್ಲಿದ್ದ ಎರಡು ದೀಪ ಎಂತ ಮಾಡಿದೆ?"

ವಾಲ್ವುಗಳನ್ನು ವಾಪಸ್ ಸಿಕ್ಕಿಸಿ, ಸ್ವಿಚ್ಚನ್ನು 16ಕ್ಕೆ ತಿರುಗಿಸಿಟ್ಟಿದ್ದೇನೆ. ಗಿಟಾರ್ ಬಾರಿಸುವುದು ಹಪ್ಪಳ ಮುಗಿದ ಮೇಲಂತೆ.