ಜಪಾನಿನ ರಾಜರ ದಿಬ್ಬಗಳನ್ನ ಅಗೆದು ನೋಡ್ಬೇಕಾ, ಬೇಡ್ವಾ? ಪರ-ವಿರೋಧ

ಪರ: ಒಳಗಿರೋದು ಯಾರು ಅಂತಾನೇ ಗೊತ್ತಿಲ್ದೆ ಕಾವಲು ಕಾಯೋದು ಎಂಥ ಗೌರವ?

ಒಸಾಕಾ ಪಕ್ಕ ಸಕಾಯ್ ಅನ್ನೋ ಊರಲ್ಲಿ ದೈಸೆನ್ ಕೊಫುನ್ ಇದೆ. ಕೊಫುನ್ ಅಂದ್ರೆ ಹಳೇ ದಿಬ್ಬ, ಮೂರನೇ ಶತಮಾನದ ನಡುವಿಂದ ಏಳನೇ ಶತಮಾನದ ತನಕ ಅಲ್ಲಿನ ರಾಜರನ್ನ, ಸೀಮೆ ಯಜಮಾನ್ರನ್ನ ಹೂಳ್ತಿದ್ದ ಮಣ್ಣಿನ ಗುಡ್ಡ. ಇರೋದ್ರಲ್ಲೆಲ್ಲ ದೊಡ್ಡದು ಈ ದೈಸೆನ್, ಉದ್ದ ಸುಮಾರು ಅರ್ಧ ಕಿಲೋಮೀಟರು, ಆಕಾಶದಿಂದ ನೋಡಿದ್ರೆ ಬೀಗದ ತೂತಿನ ಆಕಾರ, ಸುತ್ತ ಮೂರು ಕಂದಕ. ಕೆಲಸದ ಮೇಲೆ ಒಸಾಕಾದಲ್ಲಿದ್ದಾಗ ಒಂದು ಭಾನುವಾರ ಆಸೆಯಿಂದ ನೋಡಕ್ಕೆ ಹೋದೆ. ಬಿಳಿ ಜಲ್ಲಿ ಹಾಸಿದ ಅಂಗಳ, ಅಲ್ಲಿನ ದೇವಸ್ಥಾನಗಳ ಮುಂದೆ ಇರುತ್ತಲ್ಲ ತೋರಿ ಅಂತ, ಅಂಥ ಒಂದು ಕಮಾನು, ಬೇಲಿ, ಬೇಲಿ ಆಚೆ ಪಾಚಿ ಬಣ್ಣದ ನೀರು, ನೀರಿನಾಚೆ ಕಾಡು, ಇಷ್ಟೇ ಕಂಡಿದ್ದು. ಮುನ್ಸಿಪಾಲಿಟಿ ಕಟ್ಟಡದ 21ನೇ ಮಹಡಿ ಹತ್ತಿ ನೋಡಿದ್ರೂ ಆ ಬೀಗದ ತೂತಿನ ಆಕಾರ ಕಣ್ಣಿಗೆ ಬೀಳಲ್ಲ, ಮರದ ಗುಂಪು ಥರಾನೇ ಕಾಣುತ್ತೆ. ಒಬಾಯಾಶಿ ಅನ್ನೋ ಕಟ್ಟಡ ಕಂಪನಿಯವ್ರು 1985ರಲ್ಲಿ ಲೆಕ್ಕ ಹಾಕಿದ್ರು, ಹಳೇ ಕಾಲದ ಸಲಕರಣೆಯಲ್ಲಿ ಇದನ್ನ ಕಟ್ಟಕ್ಕೆ ದಿನಕ್ಕೆ 2000 ಜನದ ತನಕ ದುಡಿದ್ರೂ 15 ವರ್ಷ 8 ತಿಂಗಳು ಬೇಕು ಅಂತ. ಅಷ್ಟು ಜನ ಮಣ್ಣು ಹೊತ್ತಿದ್ದು ಯಾರಿಗೋಸ್ಕರ?

ಬೋರ್ಡಲ್ಲಿ ನಿಂತೋಕು ಚಕ್ರವರ್ತಿ ಸಮಾಧಿ ಅಂತ ಇದೆ. ಕುನಾಯ್‌ಚೋ ಅಂತ, ಚಕ್ರವರ್ತಿ ಮನೆತನದ ವ್ಯವಹಾರ ನೋಡ್ಕೊಳೋ ಸರ್ಕಾರಿ ಇಲಾಖೆ, ದೇಶದ ಉದ್ದಕ್ಕೂ ಸುಮಾರು 900 ಸಮಾಧಿ ಅದರ ಸುಪರ್ದಿನಲ್ಲಿವೆ, ಒಳಗೆ ಕಾಲಿಡಕ್ಕೆ ಬಿಡಲ್ಲ. ಯಾವ ದಿಬ್ಬ ಯಾರದು ಅನ್ನೋ ಗುರುತು ಬಹುಪಾಲು ಎಡೋ ಕಾಲ, ಮೇಜಿ ಕಾಲದಲ್ಲಿ, ಅಂದ್ರೆ ಈಚಿನ ನಾಲ್ಕು ಶತಮಾನದೊಳಗೆ, ಹಳೇ ಗ್ರಂಥಗಳನ್ನ ನೋಡಿ ಹಾಕಿದ್ದು, ಅಗೆದು ನೋಡಿ ಹಾಕಿದ್ದಲ್ಲ. ದೈಸೆನ್ ಹತ್ರಾನೇ 365 ಮೀಟರಿನ ಇನ್ನೊಂದು ದಿಬ್ಬ ಇದೆ, ಅದು ನಿಂತೋಕು ಮಗ ರಿಚೂದು ಅಂತೆ. ಆದ್ರೆ ದಿಬ್ಬದ ಮೇಲೆ ಸಾಲಾಗಿ ನೆಡ್ತಿದ್ರಲ್ಲ ಹನಿವಾ ಅಂತ, ಸುಟ್ಟ ಮಣ್ಣಿನ ಕೊಳವೆ, ಗೊಂಬೆ, ಅವುಗಳ ಚೂರು ನೋಡಿ ಪುರಾತತ್ವದವ್ರು ಹೇಳೋದು ಮಗನ ದಿಬ್ಬಾನೇ ಅಪ್ಪನ ದಿಬ್ಬಕ್ಕಿಂತ ಹಳೇದು ಅಂತ. ಅಪ್ಪನಿಗಿಂತ ಮೊದ್ಲೇ ಮಗನಿಗೆ ಗುಡ್ಡ ಕಟ್ಟಿದ್ರಾ? ಎರಡರಲ್ಲಿ ಒಂದರ ಹೆಸರಾದ್ರೂ ತಪ್ಪಿರ್ಲೇಬೇಕು, ಯಾವ್ದು ಅಂತ ಹೇಳಕ್ಕೆ ಒಳಗೆ ನೋಡ್ದೆ ಬೇರೆ ದಾರಿನೇ ಇಲ್ಲ.

ಇನ್ನೂ ಬೇಜಾರಾಗಿದ್ದು ಕೆಯ್ತಾಯ್ ಚಕ್ರವರ್ತಿ ವಿಷ್ಯದಲ್ಲಿ. ಅವನು ತೀರ್ಕೊಂಡಿದ್ದು 531ರಲ್ಲಿ. ಇಲಾಖೆ ಅವನ ಸಮಾಧಿ ಅಂತ ಬೇಲಿ ಹಾಕಿ ಕಾಯ್ತಿರೋದು ಇಬಾರಾಕಿ ಊರಿನ ದಿಬ್ಬವನ್ನ, ಅದು ಅವನು ಸಾಯೋಕೆ ಎಷ್ಟೋ ದಶಕ ಮುಂಚೆ, ಐದನೇ ಶತಮಾನದಲ್ಲಿ ಕಟ್ಟಿದ್ದು. ಅವನದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪೋದು ಪಕ್ಕದ ತಕಾತ್ಸುಕಿಯಲ್ಲಿರೋ ಇಮಾಶಿರೋಜುಕಾ. ಇಲಾಖೆ ಪಟ್ಟಿಯಲ್ಲಿ ಇಲ್ದೇ ಇರೋದ್ರಿಂದ ಅದನ್ನ ಅಗೆಯಕ್ಕಾಯ್ತು, ಏನೆಲ್ಲ ಸಿಕ್ತು! ಮನೆ ಆಕಾರದ್ದೇ ಒಂದು ಹನಿವಾ 170 ಸೆಂಟಿಮೀಟರ್ ಎತ್ತರ, ಅಂದ್ರೆ ಹೆಚ್ಚುಕಮ್ಮಿ ನನ್ನೆತ್ತರ. ಕುಸ್ತಿಯವ್ರು, ಪೂಜೆ ಮಾಡೋ ಹೆಣ್ಮಕ್ಕಳು, ಕುದುರೆ, ಕೋಳಿ, ಒಂದು ದೊಡ್ಡ ಉತ್ಸವಾನೇ ಮಣ್ಣಲ್ಲಿ ಮಾಡಿ ಸಾಲಾಗಿ ನಿಲ್ಸಿದ್ರು. ಈಗ ಅದು ಪಾರ್ಕು, ಆ ಸಾಲಿನ ನಕಲುಗಳನ್ನ ಅದೇ ಜಾಗದಲ್ಲಿ ನಿಲ್ಸಿದಾರೆ. ನಾನು ಹೋದಾಗ ಒಬ್ಳು ಪುಟ್ಟ ಹುಡುಗಿ ಮಣ್ಣಿನ ಕೋಳಿ ಮುಂದೆ ಕೂತು ಅದರ ಕೊಕ್ಕು ಮುಟ್ಟಿ ಮುಟ್ಟಿ ಏನೋ ಮಾತಾಡ್ತಿದ್ಲು, ಅವರಜ್ಜಿ ಪಕ್ಕದಲ್ಲಿ ಬುತ್ತಿ ಬಿಚ್ಕೊಂಡು ಕೂತಿದ್ರು. ನಂಗೆ ಅನ್ನಿಸಿದ್ದು, 1500 ವರ್ಷ ಆದ್ಮೇಲೆ ಒಬ್ಬ ರಾಜನಿಗೆ ಇದಕ್ಕಿಂತ ಒಳ್ಳೇ ಮರ್ಯಾದೆ ಏನು ಬೇಕು. ಆ ಕಡೆ ಬೇಲಿ ಒಳಗೆ ಯಾರೋ ಬೇರೆಯವ್ನಿಗೆ ಇವನ ಹೆಸರಲ್ಲಿ ಪೂಜೆ.

ಗೋರಿಯೊಳಗೆ ಇಟ್ಟ ವಸ್ತು ಬರೀ ಒಡವೆ ಅಲ್ಲ. ಆ ಕಾಲದ ಜಪಾನಿನವರೇ ಬರೆದ ಪುಸ್ತಕ ಒಂದೂ ಉಳಿದಿಲ್ಲ, ಅವರು ಮಾತಾಡೋದೇ ಈ ಸಾಮಾನಿನ ಮೂಲಕ. ಟೋಕಿಯೋ ಉತ್ತರಕ್ಕೆ ಸೈತಾಮಾದ ಇನಾರಿಯಾಮಾ ದಿಬ್ಬದಲ್ಲಿ 1968ರಲ್ಲಿ ತುಕ್ಕು ಹಿಡಿದ ಒಂದು ಕತ್ತಿ ಸಿಕ್ತು. ಹತ್ತು ವರ್ಷ ಅದು ಬರೀ ತುಕ್ಕು ಹಿಡಿದ ಕತ್ತಿ. 1978ರಲ್ಲಿ ಕೆಡದ ಹಾಗೆ ಕಾಪಾಡಕ್ಕೆ ಅಂತ ತಗೊಂಡು ಹೋಗಿ ಎಕ್ಸ್‌ರೇ ಹಿಡಿದ್ರೆ ಒಳಗೆ ಚಿನ್ನದ 115 ಅಕ್ಷರ! ಓವಾಕೆ ಅನ್ನೋನೊಬ್ಬ ತನ್ನ ಎಂಟು ತಲೆಮಾರಿನ ಹೆಸರು ಹೇಳಿ, ನಾನು ವಾಕಾತಾಕೆರು ಮಹಾರಾಜನ ಸೇವೆ ಮಾಡ್ದೆ, ರಾಜ್ಯ ಆಳಕ್ಕೆ ನೆರವಾದೆ, ಅದರ ನೆನಪಿಗೆ ಈ ಕತ್ತಿ ಮಾಡಿಸ್ದೆ ಅಂತ ಕೆತ್ತಿಸಿದಾನೆ, ವರ್ಷ 471 ಅಂತ ಲೆಕ್ಕ. ಮ್ಯೂಸಿಯಮ್ಮಿನ ಗಾಜಿಗೆ ಮೂಗು ತಾಗಿಸ್ಕೊಂಡು ಅದನ್ನ ನೋಡಿದೀನಿ, ಕಂದು ತುಕ್ಕಿನ ನಡುವೆ ಕೂದಲೆಳೆ ಥರ ಚಿನ್ನದ ಗೆರೆ, ಮೈ ಜುಮ್ ಅಂತು. ಅದಾದ್ಮೇಲೆ ದೂರದ ಕ್ಯೂಶೂನ ಎತಾ ಫುನಾಯಾಮಾದಲ್ಲಿ 1873ರಲ್ಲೇ ಸಿಕ್ಕಿದ್ದ, ಅಕ್ಷರ ಅಳಿಸಿ ಹೋಗಿದ್ದ ಇನ್ನೊಂದು ಕತ್ತಿ ಮೇಲೂ ಅದೇ ರಾಜನ ಹೆಸರು ಅಂತ ಓದಕ್ಕಾಯ್ತು. ಆ ತುದಿಯಿಂದ ಈ ತುದಿ ತನಕ ಒಬ್ಬನೇ ದೊರೆ ಮಾತು ನಡೀತಿತ್ತು ಅನ್ನೋದು ಎರಡು ತುಕ್ಕು ಕತ್ತಿಯಿಂದ ಗೊತ್ತಾಯ್ತು. ತೆನ್ರಿಯ ಕುರೋಜುಕಾದಲ್ಲಿ ಒಂದೇ ಗೋರಿಯಲ್ಲಿ 34 ಕಂಚಿನ ಕನ್ನಡಿ. ನಾರಾದ ತೋಮಿಯೋ ಮರುಯಾಮಾದಲ್ಲಿ ಹಾವಿನ ಥರ ಬಳುಕೋ 2.37 ಮೀಟರ್ ಕಬ್ಬಿಣದ ಕತ್ತಿ, ಅದನ್ನ ಜಗತ್ತಿಗೆ ಹೇಳಿದ್ದು ಮೊನ್ನೆ ಮೊನ್ನೆ, 2023ರಲ್ಲಿ. ಇವೆಲ್ಲ ಬೇಲಿಯಿಲ್ಲದ ದಿಬ್ಬಗಳು ಕೊಟ್ಟಿದ್ದು. ಬೇಲಿ ಒಳಗಿನವು ಎಷ್ಟು ಕೊಡಬಹುದು ಯೋಚ್ನೆ ಮಾಡಿ.

ಅಗೆದ್ರೆ ಹಾಳಾಗುತ್ತೆ ಅಂತಾರೆ, ತೆರೆದ್ಮೇಲೆ ಒಳಗಿನ ಚಿತ್ರ ಕೆಟ್ಟು ಹೋದ ತಕಾಮಾತ್ಸುಜುಕಾ ದಿಬ್ಬದ ಹೆಸರು ಎತ್ತೇ ಎತ್ತಾರೆ. ಅದು 1972ರ ಮಾತು. ಈಗ ಸಣ್ಣ ಕ್ಯಾಮೆರಾ ಇಳಿಸಿ ಕಲ್ಲು ಅಲ್ಲಾಡಿಸ್ದೆ ನೋಡಬಹುದು. ದೈಸೆನ್ನಿನದೇ ಒಂದು ಕಲ್ಲಿನ ಕೋಣೆ 1872ರಲ್ಲಿ ಮಣ್ಣು ಕುಸಿದು ತೆರ್ಕೊಂಡಿತ್ತು, ಚಿನ್ನದ ಲೇಪದ ಕವಚ, ಗಾಜಿನ ಪಾತ್ರೆ ಕಂಡ್ರು, ಚಿತ್ರ ಬರ್ಕೊಂಡು ಮತ್ತೆ ಮುಚ್ಚಿದ್ರು, ಆಕಾಶವೇನೂ ಕಳಚಿ ಬೀಳ್ಲಿಲ್ಲ. 2018ರಲ್ಲಿ ಇಲಾಖೇನೇ ಸಕಾಯ್ ನಗರದವರ ಜೊತೆ ಸೇರಿ ಕಂದಕದ ಏರಿ ಮೇಲೆ ಅಗೆಸಿತು, ಕಲ್ಲು ಹಾಸಿದ ನೆಲ, ಹನಿವಾ ಸಾಲು ಸಿಕ್ತು. ಮರುವರ್ಷ ಯುನೆಸ್ಕೋ ಪಟ್ಟಿಗೂ ಸೇರ್ತು. ಏರಿ ತನಕ ಬಂದವ್ರು ನೀರು ದಾಟಿ ದಿಬ್ಬಕ್ಕೆ ಯಾಕೆ ಬರಬಾರ್ದು?

ವಿರೋಧ: ಮಲಗಿದವರನ್ನ ಎಬ್ಬಿಸಬ್ಯಾಡ್ರಿ

ಈ ಕಡೆ ನೀವು ಬರೀರಿ ಅಂತ ಹೇಳಿದಾಗ ನನಗ ಪೂರ್ತಿ ಮನಸ್ಸಿರಲಿಲ್ಲ. ಆ ಚಿನ್ನದ ಅಕ್ಷರದ ಕತ್ತಿ ನನಗೂ ನೋಡೂ ಆಸೆ ಐತಿ. ಆದ್ರ ಒಪ್ಕೊಂಡೇನಿ, ನನಗ ಖರೇ ಅನಿಸಿದ್ದಷ್ಟು ಹೇಳ್ತೀನಿ.

ತಕಾಮಾತ್ಸುಜುಕಾ ಹಳೇ ಮಾತು ಅಂತ ಒಂದ ಸಾಲಿನಾಗ ಮುಗಿಸಿಬಿಟ್ಟಾರ. ಅಸುಕಾ ಅನ್ನೋ ಹಳ್ಳಿಯಾಗಿನ ಸಣ್ಣ ದಿಬ್ಬ ಅದು. 1972ರಾಗ ತಗದಾಗ ಒಳಗ ಗ್ವಾಡಿ ಮ್ಯಾಲ ಬಣ್ಣದ ಚಿತ್ರ, ಪಟ್ಟಿ ಪಟ್ಟಿ ಲಂಗ ಉಟ್ಟ ಹೆಣ್ಮಕ್ಕಳು, ಬಿಳಿ ಹುಲಿ, ಮ್ಯಾಲ ನಕ್ಷತ್ರ. 1300 ವರ್ಷ ಕತ್ತಲದಾಗ ಇದ್ವು. ಹೊರಗಿನ ಗಾಳಿ ಹೊಕ್ತು, ಮಂದಿ ಹೊಕ್ರು, ಬೂಷ್ಟು ಹಿಡೀತು. ಎಷ್ಟೋ ಔಷಧ ಮಾಡಿದ್ರೂ ನಿಲ್ಲಲಿಲ್ಲ, ಬಿಳಿ ಹುಲಿ ಮಾಸಿಹೋತು, ಕಡೀಕ 2007ರಾಗ ಆ ಕಲ್ಲಿನ ಕ್ವಾಣಿನ 16 ಕಲ್ಲು ಬಿಚ್ಚಿ ಹೊರಗ ಒಯ್ದ್ರು. ರಿಪೇರಿ ಮುಗಿಯೂದ್ರಾಗ 2020 ಆತು. ಇದು ಅರಿಯದ ಮಂದಿ ಮಾಡಿದ್ದಲ್ಲ, ಆ ದೇಶದಾಗ ಎಲ್ಲಾರಕಿಂತ ಚಲೋ ತಿಳಿದವರ ಕೈಯಾಗ ಆಗಿದ್ದು. 1300 ವರ್ಷ ಕತ್ತಲಿ ಕಾಯ್ದದ್ದು 30 ವರ್ಷದಾಗ ಹ್ವಾತು. ಕ್ಯಾಮೆರಾ ಇಳಸ್ತೀವಿ ಅಂತಾರ, ಅದು ಶುರುವಾತಿಗೆ. ಕ್ಯಾಮೆರಾದಾಗ ಬಂಗಾರ ಕಂಡ ಮ್ಯಾಲ ಅಷ್ಟಕ್ಕ ಸುಮ್ಮ ಕುಂಡ್ರೂ ಮನಷ್ಯಾ ಯಾರ ಅದಾರ?

ಹೆಸರು ತಪ್ಪೈತಿ, ಹೆಸರು ತಪ್ಪೈತಿ ಅಂತ ಭಾಳ ಹೇಳ್ಯಾರ. ತಪ್ಪಿದ್ರ ತಪ್ಪಿರ್ಲಿ, ಒಳಗಿರೂದು ಯಾರೋ ಒಬ್ಬ ಮನಷ್ಯಾನ ಅಲ್ಲೇನು. ಇವರ ಮಾತು ಕೇಳಿದ್ರ ಸಕಾಯ್‌ದಾಗಿರೂದೆಲ್ಲಾ ಅಗದು, ಗಾಜಿನ ಪೆಟಗಿಯೊಳಗ ಇಟ್ಟು, ಟಿಕೀಟು ಹಚ್ಚೂತನಕ ಸಮಾಧಾನ ಇಲ್ಲ ಅನ್ನೂ ಹಂಗ ಐತಿ. ಇವು ಸತ್ತ ಜಾಗ ಅಲ್ಲ. ಈಗಿನ ಚಕ್ರವರ್ತಿ ನರುಹಿತೋ ಅವರು ಪಟ್ಟಕ್ಕ ಬಂದ ಮ್ಯಾಲ 2019ರ ನವೆಂಬರ್‌ದಾಗ ಕಾಶಿಹಾರಾ ಊರಿಗೆ ಹೋಗಿ, ಮನಿತನದ ಮೂಲಪುರುಷ ಅಂತ ನಂಬೂ ಜಿಮ್ಮು ಚಕ್ರವರ್ತಿ ಸಮಾಧಿ ಮುಂದ ನಿಂತು ಹಿರ್ಯಾರಿಗೆ ಹೇಳಿ ಬಂದ್ರು. ಮನಿತನ ಇನ್ನೂ ಐತಿ, ಪೂಜಾನೂ ಐತಿ.

ಮತ್ತ ಹಿಂದಕ ತಗದ್ರಾಗ ಏನಾತು ಅಂತ ನೆನಪಿರ್ಲಿ. 1235ರಾಗ ತೆಮ್ಮು ಚಕ್ರವರ್ತಿ ಮತ್ತ ಅವನ ಹೇಣ್ತಿ ಜಿತೋ, ಆಕೀನೂ ಪಟ್ಟ ಏರಿದಾಕಿ, ಇಬ್ಬರನ್ನೂ ಕೂಡಿ ಇಟ್ಟಿದ್ದ ಸಮಾಧಿಗೆ ಕಳ್ಳರು ಹೊಕ್ರು. ಜಿತೋನ್ನ ಸುಟ್ಟು ಬೂದಿ ಬೆಳ್ಳಿ ಗಡಿಗಿಯೊಳಗ ಇಟ್ಟಿದ್ರು. ಕಳ್ಳರಿಗೆ ಬೆಳ್ಳಿ ಬೇಕಾಗಿತ್ತು, ಬೂದಿ ದಾರ್ಯಾಗ ಚೆಲ್ಲಿ ಹ್ವಾದ್ರು. ಈಗಿನವರು ಕಳ್ಳರಲ್ಲ, ಅದು ನನಗ ಗೊತ್ತೈತಿ. ಆದ್ರ ಆ ಚೆಲ್ಲಿದ ಬೂದಿ ಓದಿದಾಗಿಂದ ನನ್ನ ಎದಿಯಾಗ ಒಂದು ಹಿಂಡಿದಂಗ ಆಗ್ತೈತಿ, ಯಾಕಂದ್ರ ನಮ್ಮ ಮನಿಯಾಗೂ ಒಂದು ಆಗೈತಿ.

ನಮ್ಮ ಅಜ್ಜಾರ ಸಮಾಧಿ ಹೊಲದ ಬದುವಿನಾಗ ಬೇವಿನ ಗಿಡದ ಕೆಳಗ ಇತ್ತು. ನಮ್ಮ ಮಂದಿ ಪದ್ಧತಿ ಪ್ರಕಾರ ಕುಂಡ್ರಿಸಿ, ಎಡಗೈಯಾಗ ಲಿಂಗ ಕೊಟ್ಟು, ವಿಭೂತಿ, ಬಿಲ್ವಪತ್ರಿ ತುಂಬಿ ಮಣ್ಣು ಮಾಡಿದ್ರು. ಬೈಪಾಸ್ ರೋಡಿಗೆ ಜಾಗಾ ಹ್ವಾತು, ಸಮಾಧಿ ಎತ್ತಬೇಕು ಅಂದ್ರು. ಅಪ್ಪ, ಕಾಕಾ, ನಾ, ಸ್ವಾಮಗೋಳು ಎಲ್ಲಾರೂ ನಸಕಿನ್ಯಾಗ ಹ್ವಾದ್ವಿ. ಗುತ್ತಿಗೆದಾರನ ಕಡೆ ಹುಡುಗರು ಸಾವಕಾಶ ಅಗದ್ರು, ಏನೂ ಅವಮಾನ ಮಾಡ್ಲಿಲ್ಲ, ಪಾಪ. ವಿಭೂತಿ ಇನ್ನೂ ಹೆಂಟಿ ಹೆಂಟಿ ಬೆಳ್ಳಗ ಇತ್ತು. ಲಿಂಗ ಸಿಕ್ತು, ಸಣ್ಣದು, ಕರೀದು, ಮಣ್ಣು ಮೆತ್ತಿದ್ದು. ಒಬ್ಬ ಹುಡುಗ ಅದನ್ನ ಅಂಗಿಗೆ ತಿಕ್ಕಿ, ಬಿಸಲಿಗೆ ಹಿಡದು ಇದೇನ್ರೀ ಅಂತ ಕೇಳಿದ. ಅಂವಗ ಗೊತ್ತಿರಲಿಲ್ಲ. ಅಪ್ಪ ಎಪ್ಪತ್ತರ ಮನಷ್ಯಾ, ಮೊಣಕಾಲು ಬ್ಯಾನಿ, ಆ ತೆಗ್ಗು ದಾಟಿ ಹೆಂಗ ಓಡಿದ್ರೋ, ಅವನ ಕೈಯಾಗಿಂದ ಇಸಗೊಂಡು ಎದಿಗೆ ಒತ್ತಿ ಹಿಡಕೊಂಡ್ರು, ಒಂದು ತಾಸು ಯಾರಿಗೂ ಮುಟ್ಟಗೊಡಲಿಲ್ಲ.

ಆ ಹೊತ್ತಿನಾಗ ನಾ ಅಜ್ಜಾರನ್ನ ನೋಡ್ಲಿಲ್ಲ, ಆ ಲಿಂಗ ಅಷ್ಟ ನೋಡ್ತಿದ್ದೆ. ಸತ್ತವರ ಜೋಡಿ ಇಟ್ಟದ್ದು ಸತ್ತವರದು, ಅದನ್ನ ಕನ್ನಡಿ ಅನ್ರಿ, ಕತ್ತಿ ಅನ್ರಿ, ಜೇಡ್ ಕಲ್ಲಿನ ಮಣಿ ಅನ್ರಿ. ಅದನ್ನ ಕೈಯಾಗ ಇಟ್ಟವರು ಯಾರೋ ಅತ್ತಗೋತ ಇಟ್ಟಿರ್ತಾರ. ಅದಕ್ಕ ನಂಬರ್ ಚೀಟಿ ಅಂಟಿಸಿದ್ದು ನನ್ನ ಕಣ್ಣಿಗೆ ಕಟ್ಟಿದ್ರ ಕತ್ತಿ ನೋಡೂ ಆಸೆ ಅರ್ಧಾ ಇಳಿದುಹೋಗ್ತೈತಿ.

ಹೊಸಾ ಸಮಾಧಿ ಊರಾಚೆ ಮಠದ ಜಾಗಾದಾಗ ಮಾಡೇವಿ, ಕಟ್ಟಿ ಕಟ್ಟಿಸೇವಿ, ಚಲೋ ಐತಿ. ಅಮಾಸಿಗೆ ಅಪ್ಪ ಅಲ್ಲಿ ಕಾಯಿ ಒಡದು ಬರ್ತಾರ. ಆದ್ರ ಬಸ್ಸಿನ್ಯಾಗ ಬೈಪಾಸ್ ದಾಟೂವಾಗ ಬೇವಿನ ಗಿಡ ಇದ್ದ ಜಾಗಾ ಬಂತಂದ್ರ ಚಪ್ಪಲಿ ಬಿಟ್ಟು ಕಾಲು ಮ್ಯಾಲ ಎತ್ತಿಕೊಂಡು ಕುಂಡ್ರತಾರ.