ಮೇಲಿನ ಮನೆಯಲ್ಲಿ ಬಫೆ, ಕೆಳಗಿನ ಮನೆಯಲ್ಲಿ ಡಿಸ್ಕೊ

ರಜೆ ಹತ್ತಿರ ಬಂತೆಂದರೆ ಕ್ರೂಸ್ ಎಂಬ ವಿಹಾರ ಹಡಗುಗಳ ಪಂಡಿತರ ಸೀಸನ್ನು. ಅವರ ಉಪದೇಶ ಎರಡೇ ಸಾಲು: ದುಡ್ಡು ಉಳಿಸಬೇಕೆ, ಇನ್‌ಸೈಡ್ ಕ್ಯಾಬಿನ್ ತಗೊಳ್ಳಿ, ನಿದ್ದೆಯೂ ಬೇಕೆ, ಸದ್ದಿಲ್ಲದ ಇನ್‌ಸೈಡ್ ಕ್ಯಾಬಿನ್ ತಗೊಳ್ಳಿ. ಅಲ್ಲಿ ಕಿಟಕಿಯಿಲ್ಲ, ಕಡಲಿಲ್ಲ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ದೀಪ ಆರಿಸಿದರೆ ನಿಮ್ಮ ಕೈ ನಿಮಗೇ ಕಾಣದು. ಇಷ್ಟೆಲ್ಲ ಅನುಕೂಲ ಬೇಕೆಂದು ಜನ ವೀಸಾಕ್ಕೆ ಕ್ಯೂ ನಿಂತು, ಸಾಲ ಮಾಡಿ ವಿಮಾನದ ಟಿಕೇಟು ಕೊಂಡು ಮಯಾಮಿವರೆಗೆ ಹೋಗುತ್ತಾರೆ. ಮೆಚ್ಚಲೇಬೇಕು.

ಹತ್ತುವುದಾದರೂ ಯಾವುದನ್ನು? ಐಕಾನ್ ಆಫ್ ದಿ ಸೀಸ್ ಎಂಬ ದೈತ್ಯ ಹಡಗು ಗೊತ್ತಲ್ಲ, 2024ರ ಜನವರಿಯಲ್ಲಿ ಹೊರಟಾಗ ಎಲ್ಲರ ಫೋನಿನಲ್ಲೂ ಅದೇ ವಿಡಿಯೊ. 20 ಡೆಕ್ ಅಂದರೆ ಅಂತಸ್ತು, 7 ಈಜುಕೊಳ, 6 ನೀರಿನ ಜಾರುಬಂಡೆ, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಅಷ್ಟೂ ಜನ ಒಟ್ಟಿಗೆ ಕಿರುಚಲೆಂದೇ ಕಟ್ಟಿಸಿದ ಹಡಗಿನ ಟಿಕೇಟು ಕೈಯಲ್ಲಿ ಹಿಡಿದು, "ಸ್ವಲ್ಪ ಗಲಾಟೆ ಕಡಿಮೆ ಇರೋ ರೂಮು ಇದೆಯಾ?" ಎಂದು ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಹೀಗಾಗಿ ಡೆಕ್ ಪ್ಲಾನ್ ಎಂಬ ಹಡಗಿನ ನಕ್ಷೆ ಓದುವುದೇ ಒಂದು ವಿದ್ಯೆ, ಥೇಟ್ ಜಾತಕ ನೋಡಿದ ಹಾಗೆ. ಮೇಲಿನ ಮನೆಯಲ್ಲಿ ಯಾರು? ಬಫೆ. ಹಾಗಾದರೆ ನಸುಕಿನಲ್ಲೇ ಕುರ್ಚಿ ಎಳೆದಾಟ. ಕೆಳಗಿನ ಮನೆಯಲ್ಲಿ? ಡಿಸ್ಕೊ. ನಡುರಾತ್ರಿ ಮೀರಿದರೂ ಹಾಸಿಗೆ ತಾನೇ ಕುಣಿಯುತ್ತದೆ. ಪಕ್ಕದ ಕೋಣೆಗೆ ನಡುಬಾಗಿಲಿದ್ದರೆ ಅವರ ಸಂಸಾರದ ಜಗಳ ನಿಮ್ಮದೂ ಹೌದು. ಮೂತಿಯ ಕಡೆ ಕೆಳಡೆಕ್ಕಿನಲ್ಲಿ ಸಿಕ್ಕಿತೋ, ಹಡಗು ಬಂದರು ಮುಟ್ಟುವ ಹೊತ್ತಿಗೆ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಎಂಬ ಗ್ರಹ ಎದ್ದು ಹಲ್ಲು ಕಟಕಟ ಅನ್ನಿಸುತ್ತದೆ. ನಕ್ಷೆಯಲ್ಲಿ ಹೆಸರೇ ಬರೆಯದ ಬಿಳಿ ಜಾಗವಿದ್ದರೆ ಅದು ರಾಹು: ಪ್ಯಾಂಟ್ರಿಯೋ, ಟ್ರಾಲಿ ಓಡುವ ದಾರಿಯೋ, ಕಂಪನಿ ಬಾಯಿ ಬಿಡುವುದಿಲ್ಲ. ಪರಿಹಾರ ಒಂದೇ, ಹಡಗಿನ ನಡುಭಾಗ, ಮೇಲೂ ಕ್ಯಾಬಿನ್ ಕೆಳಗೂ ಕ್ಯಾಬಿನ್. ಆ ಯೋಗಕ್ಕೆ ನೀವೇ ನಂಬರು ಆರಿಸಿದರೆ ಸಾಮಾನ್ಯವಾಗಿ ಹೆಚ್ಚು ದುಡ್ಡು. ಗ್ಯಾರಂಟಿ ಕ್ಯಾಬಿನ್ ಅಗ್ಗ. ಅಲ್ಲಿ ದುಡ್ಡು ಕೊಡುವುದು ನೀವು, ಕೋಣೆ ಆರಿಸುವುದು ಕಂಪನಿ. ಒಬ್ಬರೇ ಹೋದರೆ ಹೆಚ್ಚಿನ ಕಡೆ ಇಬ್ಬರ ದುಡ್ಡು. ಪಕ್ಕದ ಖಾಲಿ ಹಾಸಿಗೆ ಗೊರಕೆ ಹೊಡೆಯುವುದಿಲ್ಲ ಎಂಬ ಸೌಲಭ್ಯಕ್ಕೆ ಇರಬೇಕು.

ಇನ್‌ಸೈಡಿನಲ್ಲೂ ಕಿಟಕಿ ಬೇಕು ಎನ್ನುವ ಹಟಮಾರಿಗಳ ಮೇಲೂ ದಯೆ ತೋರಲಾಗಿದೆ. ಕಿಟಕಿ ಇದೆ, ಹಡಗಿನೊಳಗಿನ ಅಂಗಡಿಬೀದಿಯ ಕಡೆಗೆ. ಫ್ರೀಡಮ್ ಆಫ್ ದಿ ಸೀಸ್ ಹಡಗಿನಲ್ಲಿ ಇಂಥದೊಂದು ಕ್ಯಾಬಿನ್ ಜಗತ್ಪ್ರಸಿದ್ಧ. ಕೆಳಗೆ ಬೆನ್ ಅಂಡ್ ಜೆರೀಸ್ ಐಸ್‌ಕ್ರೀಂ ಅಂಗಡಿ, ಅಂಗಡಿಯ ನೆತ್ತಿಯ ಮೇಲೆ ಗೊಂಬೆ ಹಸುಗಳು, ಹಸುಗಳ ಮುಖ ಗಿರಾಕಿಗಳ ಕಡೆಗೆ. ಕಿಟಕಿಯ ಕಡೆಗೆ ಏನು ಉಳಿಯಿತೆಂದು ಬಿಡಿಸಿ ಹೇಳಬೇಕಿಲ್ಲ. ಪರದೆ ಸರಿಸಿದರೆ ಅದೇ. ಈ ಅನ್ಯಾಯಕ್ಕೆ ಪರಿಹಾರವಾಗಿ ಆ ಕೋಣೆಯವರಿಗೆ ಐಸ್‌ಕ್ರೀಂ ಪುಕ್ಕಟೆ! ಅಮೆರಿಕದವರ ವ್ಯಾಪಾರಬುದ್ಧಿ ಸೋತದ್ದು ಇಲ್ಲೇ. ಗೋವಿನ ಪೃಷ್ಠದಲ್ಲಿ ಲಕ್ಷ್ಮಿ ಇದ್ದಾಳೆಂದು ನಮ್ಮಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದೇ ಹಡಗು ನಮ್ಮವರ ಕೈಯಲ್ಲಿದ್ದಿದ್ದರೆ ಅದು ಗೋದರ್ಶನ ಸೂಟ್ ಆಗಿ, ರೇಟು ದುಪ್ಪಟ್ಟಾಗಿ, ಬುಕ್ಕಿಂಗಿಗೆ ಶಾಸಕರ ಪತ್ರ ಬೇಕಾಗುತ್ತಿತ್ತು. ಬೆಳಗಿನ ಜಾವ ಸುಪ್ರಭಾತವೂ ಶುರುವಾಗಿ ಇದ್ದ ನಿದ್ದೆಯೂ ಹೋಗುತ್ತಿತ್ತು, ಅದು ಬೇರೆ ಮಾತು.

ವರ್ಚುವಲ್ ಬಾಲ್ಕನಿ ಇನ್ನೊಂದು. 2014ರ ಕ್ವಾಂಟಮ್ ಆಫ್ ದಿ ಸೀಸ್‌ನಲ್ಲಿ ಇನ್‌ಸೈಡ್ ಕ್ಯಾಬಿನ್ನಿನ ಗೋಡೆಗೆ 80 ಇಂಚಿನ ಪರದೆ. ಹೊರಗಿನ ಕ್ಯಾಮೆರಾ ಕಂಡ ಕಡಲು ಆ ಕ್ಷಣವೇ ಒಳಗೆ, ಅಲೆಯ ಸದ್ದಿನ ಸಮೇತ. ಸದ್ದು ಬೇಡವಾದರೆ ಬಂದ್ ಮಾಡಿ. ಇಡೀ ಹಡಗಿನಲ್ಲಿ ಬಾಯಿ ಮುಚ್ಚು ಎಂದರೆ ಮುಚ್ಚುವುದು ಸಮುದ್ರ ಒಂದೇ.

ನಗುವ ಹೊತ್ತಿಗೆ ಸರಿಯಾಗಿ 2020ರ ಫೆಬ್ರವರಿ ನೆನಪಾಗುತ್ತದೆ. ಜಪಾನಿನ ಯೊಕೊಹಾಮಾದಲ್ಲಿ ಕೊರೊನಾ ಹೊಕ್ಕ ಡೈಮಂಡ್ ಪ್ರಿನ್ಸೆಸ್ ಹಡಗು, ಒಳಗೆ 3,711 ಜನ. ಕಿಟಕಿಯಿಲ್ಲದ ಕೋಣೆಯವರನ್ನು ಸ್ವಲ್ಪ ಹೊತ್ತು ಗಾಳಿಗೆಂದು ಡೆಕ್ಕಿಗೆ ಬಿಟ್ಟು ಮತ್ತೆ ಒಳಗೆ ಕಳಿಸುತ್ತಿದ್ದರು. ಲೋಕವೆಲ್ಲ ಅವರಿಗಾಗಿ ಮರುಗಿತು, ಮರುಗಬೇಕಾದದ್ದೇ. ಬಾಗಿಲಿಗೆ ಊಟ ತಂದಿಡುತ್ತಿದ್ದವರು? ಸಿಬ್ಬಂದಿಯಲ್ಲಿ ನಮ್ಮ ದೇಶದವರೇ 132 ಮಂದಿ. ಪ್ರಯಾಣಿಕರಿಗೆ ಕ್ವಾರಂಟೈನ್, ಇವರಿಗೆ ಡ್ಯೂಟಿ. ಡ್ಯೂಟಿ ಮುಗಿದರೆ ಇನ್ನೊಬ್ಬರ ಜೊತೆ ಹಂಚಿಕೊಂಡ ಕೆಳಡೆಕ್ಕಿನ ಗೂಡು. ಕೊನೆಗೆ ಸೋಂಕು ತಗುಲಿದ್ದು 712 ಜನಕ್ಕೆ.

ಆ ಗೂಡುಗಳು ಇವತ್ತೂ ಇವೆ, ಎಲ್ಲ ಹಡಗಿನಲ್ಲೂ. ಮಂಗಳೂರು, ಉಡುಪಿ, ಕಾರವಾರದ ಕಡೆ "ಹುಡುಗ ಶಿಪ್ಪಿನಲ್ಲಿದ್ದಾನೆ" ಎಂದರೆ ಸಂಬಂಧಕ್ಕೊಂದು ತೂಕ. ಅವನು ಮಲಗುವುದೆಲ್ಲಿ ಎಂದು ಯಾವ ಬೀಗರೂ ಕೇಳುವುದಿಲ್ಲ. ಹಡಗು ಕೆಲಸಗಾರರಿಗಾಗಿ 2006ರಲ್ಲಾದ ಅಂತಾರಾಷ್ಟ್ರೀಯ ಒಪ್ಪಂದ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಿ ಎನ್ನುತ್ತದೆ. ಅದನ್ನೂ ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಯಾದರೂ ಇರಲಿ ಎನ್ನುತ್ತದೆ. ಆರು ಗಂಟೆ. ತಿಂಗಳುಗಟ್ಟಲೆ, ಭಾನುವಾರವೂ ಇಲ್ಲದೆ. ಅವನ ಮುಂದೆ ಡೆಕ್ ಪ್ಲಾನ್ ಬಿಡಿಸಿ "ಯಾವ ಕೋಣೆ ಬೇಕಪ್ಪಾ" ಎಂದವರಿಲ್ಲ. ಇದರಲ್ಲಿ ತಮಾಷೆ ಹುಡುಕಲು ನನ್ನಿಂದ ಆಗುವುದಿಲ್ಲ, ಸಾಕಾಗಿದೆ.

ನೀವು ಹೋಗಿ ಬನ್ನಿ. ನಡುಭಾಗದಲ್ಲೇ ಸಿಗಲಿ, ಚೆನ್ನಾಗಿ ನಿದ್ದೆ ಬರಲಿ. ದಿನಾ ಹಾಸಿಗೆ ಸರಿಮಾಡಿ, ಟವೆಲ್ಲಿನಲ್ಲಿ ಆನೆ ಮಡಚಿಟ್ಟು ಹೋಗುತ್ತಾನಲ್ಲ, ಅವನಂಥವರಿಗೆಂದು ದಿನಕ್ಕಿಷ್ಟು ಟಿಪ್ಸು ನಿಮ್ಮ ಬಿಲ್ಲಿಗೆ ತಾನೇ ಸೇರಿರುತ್ತದೆ. ಕೊನೆಯ ದಿನ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ಅದನ್ನು ತೆಗೆಸಲೂಬಹುದು. ಸಾಲು ಉದ್ದ ಇರುತ್ತದೆ, ಬೇಗ ಹೋಗಿ.